ನನ್ನ ಕಿವಿಯೂ ಒಳಗೆ ಬರಬೇಕು

ಕಣ್ಣಿನ ಡಾಕ್ಟರಮ್ಮನ ತುಟಿ ಬಹಳ ಹೊತ್ತು ಆಡಿತು. ಮಗಳ ಕೈ ಮಾತ್ರ ಒಂದೇ ಸನ್ನೆ ಮಾಡಿ ಮಡಿಲಿಗೆ ಬಿತ್ತು: ಆಮೇಲೆ ನೋಡೋಣವಂತೆ. ಹುಟ್ಟಿನಿಂದ ಕಿವಿ ಕೇಳಿಸದಿದ್ದರೇನಂತೆ, ಅದಕ್ಕೆ ಹೂವಿಡಲು ಬಂದರೆ ನನಗೆ ಗೊತ್ತಾಗದೆ?

ನಾನು ಹೊಲಿಗೆಯವಳು. ಎರಡು ಕಣ್ಣಿಗೂ ಪೊರೆ ಬಂದು, ಸೂಜಿಗೆ ದಾರ ಪೋಣಿಸುವುದು ಹಾಗಿರಲಿ, ಮಗಳ ಬೆರಳುಗಳೇ ಮಸುಕಾಗತೊಡಗಿದ್ದವು. ಕಣ್ಣು ಹೋದರೆ ನನಗೆ ಮಾತೂ ಹೋದಂತೆ.

ನಾನು ಕಣ್ಣು ಕೆಂಪಗೆ ಮಾಡಿದ ಮೇಲೆ ಮಗಳು ನಿಜ ಹೇಳಿದಳು. ಆಪರೇಷನ್ ಎಚ್ಚರವಿರುವಾಗಲೇ ಮಾಡಬೇಕು, ಮುಖಕ್ಕೆ ಬಟ್ಟೆ ಹೊದಿಸಿರುತ್ತಾರೆ. ಅಲುಗಾಡಬೇಡಿ ಎಂದರೆ ನನಗೆ ಕೇಳಿಸದು. ಪೂರ್ತಿ ಎಚ್ಚರ ತಪ್ಪಿಸಿದರೆ ನನ್ನ ಹೃದಯ ತಡೆಯದು. ಆದ್ದರಿಂದ ಆಪರೇಷನ್ನೇ ಬೇಡ ಎಂದರಂತೆ ಡಾಕ್ಟರಮ್ಮ. ನಾನು ನೊಂದುಕೊಳ್ಳುತ್ತೇನೆಂದು ಕೆಟ್ಟ ಸುದ್ದಿಯನ್ನೆಲ್ಲ ನುಂಗಿಕೊಳ್ಳುವುದು ಇವಳ ಚಾಳಿ. ಅವಳಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಕೊನೆಯ ದಿನದವರೆಗೆ ಹುಷಾರಾಗುತ್ತಾರೆ ಎಂದೇ ಹೇಳಿದ್ದಳು. ಆ ಸಿಟ್ಟು ನನಗಿನ್ನೂ ಆರಿಲ್ಲ.

ಮಗಳು ಪಕ್ಕದಲ್ಲಿ ಕೂತು ನನ್ನ ಅಂಗೈ ಮೇಲೆ ಗುರುತು ಮಾಡಲಿ ಎಂದೆ. ಮನೆಯವರನ್ನು ಒಳಗೆ ಬಿಡುವ ನಿಯಮವಿಲ್ಲ ಎಂದರು ಡಾಕ್ಟರಮ್ಮ. ನನಗೆ ರೇಗಿತು.

"ಬೇರೆಯವ್ರೆಲ್ಲ ಅವರವರ ಕಿವಿ ಜೊತೇಲೇ ಒಳಗೆ ಹೋಗ್ತಾರೆ. ನನ್ನ ಕಿವಿ ಮಾತ್ರ ಯಾಕೆ ಬಾಗಿಲಾಚೆ ಕೂರಬೇಕು?"

ಮಗಳು ಮೆತ್ತಗೆ ಮಾಡದೆ ಹಾಗೇ ಹೇಳಿರಬೇಕು, ಡಾಕ್ಟರಮ್ಮನ ಮುಖ ಕೆಂಪಾಯಿತು. ಎದ್ದು ಹೋಗಿ ದೊಡ್ಡ ಡಾಕ್ಟರರ ಹತ್ತಿರ ಮಾತಾಡಿ ಬಂದರು. ನಗುತ್ತಿದ್ದರು. ಮಗಳಿಗೂ ಒಂದು ಹಸಿರು ಗೌನು ಕೊಡಿಸುತ್ತೇನೆ ಎಂದರಂತೆ.

ಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಕೂತು ಗುರುತುಗಳನ್ನು ಗೊತ್ತುಮಾಡಿಕೊಂಡೆವು. ಸುತ್ತು ಹಾಕಿದರೆ ಎಲ್ಲ ಸರಿ, ಗೀರಿದರೆ ಅಲುಗಾಡಬೇಡ, ಮುಷ್ಟಿ ಒತ್ತಿದರೆ ಏನೋ ತೊಡಕು. ಮುಷ್ಟಿ ಯಾಕೆ, ಅದು ಬೇಡ ಎಂದಳು. ಅದಿಲ್ಲದಿದ್ದರೆ ನಾನು ಬರುವುದೇ ಇಲ್ಲ ಎಂದೆ.

ಆಪರೇಷನ್ ದಿನ, ಬಟ್ಟೆಯಡಿಯಲ್ಲಿ ಮಂಜು ಬೆಳಕು, ಕಣ್ಣಿಗೆ ತಣ್ಣನೆಯ ನೀರು. ಅಂಗೈಯಲ್ಲಿ ಸುತ್ತು, ಮತ್ತೆ ಸುತ್ತು. ಆಮೇಲೆ ಬೆರಳು ನಿಂತಿತು. ನುಂಗಿಕೊಂಡಳು, ಇವತ್ತೂ ನುಂಗಿಕೊಂಡಳು ಎಂದುಕೊಂಡೆ. ಅಷ್ಟರಲ್ಲಿ ಮುಷ್ಟಿ ಬಂದು ಒತ್ತಿತು, ಗಟ್ಟಿಯಾಗಿ. ಹಿಂದೆಯೇ ಉದ್ದನೆಯ ಗೀರು. ಕಲ್ಲಿನ ಹಾಗೆ ಮಲಗಿದೆ. ಇನ್ನು ಸುತ್ತು ಬಂದರೆ ನಂಬಬಹುದು ಎಂಬ ಧೈರ್ಯ ಬಂದಿತ್ತು. ಎಷ್ಟೋ ಹೊತ್ತಿನ ಮೇಲೆ ಸುತ್ತು ಬಂತು.

ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡಿದ್ದು ಮಗಳ ಕೈ. ಉಗುರೆಲ್ಲ ಕಚ್ಚಿ ತಿಂದಿದ್ದಳು.

"ಹೆದರಿಕೆ ಆಯ್ತಾ?" ಎಂದು ಕೇಳಿದೆ.

ಏನಿಲ್ಲ ಎನ್ನಲು ಎತ್ತಿದ ಕೈಯನ್ನು ಅರ್ಧಕ್ಕೇ ತಡೆದಳು.

"ತುಂಬಾ, ಅಮ್ಮ."

ಇನ್ನೊಂದು ಕಣ್ಣಿಗೂ ನೀನೇ ಬಾ ಎಂದೆ.