ಇನ್ನರ್ಧ ಕೊಳ

ಅಕ್ಕ ಬಂದದ್ದು ಪರದೇಶದಲ್ಲಿರುವ ತಂಗಿಯ ಮನೆ ನೋಡಿ, ನಾಲ್ಕು ಜಾಗ ಸುತ್ತಿ ಹೋಗುವುದಕ್ಕೆ. ಊರಲ್ಲಿ ಅವಳದು ಹೊಲಿಗೆ ಅಂಗಡಿ. ರವಿಕೆ ಹೊಲಿದು ಹೊಲಿದು ಬೆನ್ನು ಹಿಡಿದುಕೊಂಡಿತ್ತು. "ಬೆನ್ನಿಗೆ ಒಳ್ಳೇದು, ಸುಮ್ನೆ ನೀರಲ್ಲಿ ನಿಂತ್ಕೋ ಬಾ" ಎಂದು ತಂಗಿ ಬೀದಿಯ ಕೊನೆಯ ಈಜುಕೊಳಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಹಿಡಿಯಿತು ಹುಚ್ಚು.

ಚಿಕ್ಕಂದಿನಲ್ಲಿ ತಮ್ಮಂದಿರು ಬಾವಿಗೆ ಧುಮುಕುವಾಗ ಅವರ ಅಂಗಿ ಚಡ್ಡಿ ಕಾಯುತ್ತ ಮೆಟ್ಟಿಲ ಮೇಲೆ ಕೂತವಳು ಅವಳು. ಈಗ ಐವತ್ತೈದು ದಾಟಿದ ಮೇಲೆ, ಅವಳ ಭಾಷೆಯೇ ಗೊತ್ತಿಲ್ಲದ, ಬಾವಿಯ ಕತೆಯನ್ನು ತಂಗಿಯ ಬಾಯಲ್ಲಿ ಕೇಳಿದ್ದ ಈಜಿನ ಟೀಚರಮ್ಮ ಅವಳ ಹೊಟ್ಟೆಯ ಕೆಳಗೆ ಕೈಕೊಟ್ಟು ತೇಲಿಸಿದಳು. ಒಂದು ದಿನ ಹೇಳದೆ ಕೇಳದೆ ಆ ಕೈ ತೆಗೆದುಬಿಟ್ಟಳು. ಅಕ್ಕ ಮುಳುಗಲಿಲ್ಲ. ಆವತ್ತು ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಅವಳ ಕಾಲು ಆಡುತ್ತಲೇ ಇತ್ತು.

ಶುಕ್ರವಾರ ವೀಸಾ ಮುಗಿಯುತ್ತಿತ್ತು. ಅಕ್ಕನಿಗೆ ಈಜಲು ಬರುತ್ತಿದ್ದದ್ದು ಅರ್ಧ ಕೊಳ ಮಾತ್ರ.

"ವೀಸಾ ಇನ್ನೊಂದು ತಿಂಗಳು ಮುಂದಕ್ಕೆ ಹಾಕಿಸೇ" ಎಂದಳು ಅಕ್ಕ.

"ಈಜೋಕಾ? ನಿನಗೇನು ತಲೆ ಕೆಟ್ಟಿದ್ಯಾ?"

"ಕೆಟ್ಟಿದೆ. ಹಾಕಿಸು."

ವೀಸಾ ಕಚೇರಿಯ ಸಾಲಿನಲ್ಲಿ ನಿಂತಾಗ ತಂಗಿ ಕಿವಿಯಲ್ಲಿ ಮತ್ತೆ ಮತ್ತೆ ಊದಿದಳು: "ನೋಡೋ ಜಾಗ ಇನ್ನೂ ಇವೆ ಅಂತೀನಿ. ನೀನು ತಲೆ ಆಡಿಸು, ಅಷ್ಟೇ." ಅಕ್ಕನ ಎದೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು.

ಕೌಂಟರಿನ ಕನ್ನಡಕದ ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಏನೋ ಕೇಳಿದ.

"ಯಾವ ಜಾಗ ನೋಡೋದು ಉಳಿದಿದೆ ಅಂತ ಕೇಳ್ತಿದಾನೆ" ಎಂದಳು ತಂಗಿ, ಮುಖ ಸಣ್ಣದು ಮಾಡಿಕೊಂಡು. ಒಂದು ಹೆಸರೂ ಅವಳ ಬಾಯಿಗೆ ಬರಲಿಲ್ಲ.

ಅಕ್ಕನಿಗೆ ತಡೆಯಲಾಗಲಿಲ್ಲ. ಕೈಚೀಲ ತಂಗಿಯ ಕೈಗೆ ತುರುಕಿ, ನಿಂತಲ್ಲೇ ಎರಡು ಕೈಯಲ್ಲೂ ಗಾಳಿ ಸೀಳಿ ಈಜಿ ತೋರಿಸಿದಳು. "ಅರ್ಧ ಬರುತ್ತೆ, ಇನ್ನರ್ಧ ಬಾಕಿ ಇದೆ ಅಂತ ಹೇಳೇ ಅವನಿಗೆ."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ತಂಗಿ ನಾಚಿಕೆಯಿಂದ ಹಿಡಿಯಾಗಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅಧಿಕಾರಿ ನಗಲಿಲ್ಲ.

"ಪ್ರವಾಸಕ್ಕೆ ಬಂದವರು ಶಾಲೆಗೆ, ಕೋರ್ಸಿಗೆ ಸೇರೋ ಹಾಗಿಲ್ವಂತೆ. ಕೊಳಕ್ಕೇ ಫೋನ್ ಮಾಡಿ ವಿಚಾರಿಸ್ತಾನಂತೆ" ಎಂದಳು ತಂಗಿ.

 ಬಾಯಿ ಮುಚ್ಚಿಕೊಂಡು ತಲೆ ಆಡಿಸಿದ್ದರೆ ಆಗುತ್ತಿತ್ತಲ್ಲ ಎನಿಸಿತು ಅಕ್ಕನಿಗೆ. ಅಷ್ಟರಲ್ಲಿ ಫೋನಿನೊಳಗಿಂದ ಟೀಚರಮ್ಮನ ದನಿ ಕೌಂಟರಿನ ಗಾಜು ದಾಟಿ ಕೇಳಿಸಿತು. ಅಧಿಕಾರಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ.

"ಏನಂತಾಳೆ?"

ತಂಗಿ ನಗು ಅದುಮಿಕೊಂಡಳು. "ಕೋರ್ಸೂ ಇಲ್ಲ ಮಣ್ಣೂ ಇಲ್ಲ, ಟಿಕೆಟ್ ತಗೊಂಡು ಬರೋರಿಗೆಲ್ಲ ಹೇಳಿಕೊಡ್ತೀನಿ ಅಂತ. ಇವಳನ್ನ ಈಗ ಕಳಿಸಿದ್ರೆ ಊರಿಗೆ ಹೋಗಿ ಬಾವಿಗೆ ಹಾರ್ತಾಳೆ, ನಡುನೀರಲ್ಲಿ ಮುಳುಗಿದ್ರೆ ನೀನೇ ಹೊಣೆ ಅಂತ ಬೈತಿದಾಳೆ."

ಅಧಿಕಾರಿಯ ಮೀಸೆ ಅಲುಗಿತು. ಫೋನಿಟ್ಟು, ಮುದ್ರೆ ತೆಗೆದು ಪಾಸ್‌ಪೋರ್ಟಿಗೆ ಒತ್ತಿದ. ಒಂದು ತಿಂಗಳು.

ಬೀದಿಗೆ ಬಂದವಳೇ ಅಕ್ಕ ಗಂಡನಿಗೆ ಫೋನು ಹಚ್ಚಿದಳು. "ರೀ, ನಾನು ಈಗಲೇ ಬರಲ್ಲ. ಈಜೋದು ಮುಗೀಲಿ."

ಆ ಕಡೆ ಗಂಡ ಟಿವಿಯ ಸದ್ದು ಕಡಿಮೆ ಮಾಡಿದರು. ಆಮೇಲೆ, "ಬಂದ್ಮೇಲೆ ನಂಗೂ ಕಲಿಸ್ತೀಯಾ?" ಎಂದರು.

ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಅಕ್ಕ ಈಚೆ ದಡ ಬಿಟ್ಟಳು. ನಡುವೆ ನೀರು ಕುಡಿದಳು, ಉಗುಳಿದಳು, ಕಾಲು ಬಡಿದಳು. ತಾನು ಕೆಲಸ ಮಾಡುವ ಬೇಕರಿಯಿಂದ ಏಪ್ರನ್ನಿನಲ್ಲೇ ಓಡಿಬಂದಿದ್ದ ತಂಗಿ ದಡದುದ್ದಕ್ಕೂ ಜೊತೆಜೊತೆಗೇ ನಡೆಯುತ್ತ, "ಬಂತು ಅಕ್ಕ, ಬಂತು, ಇನ್ನೊಂಚೂರು" ಅನ್ನುತ್ತಿದ್ದಳು. ಅಕ್ಕನ ಬೆರಳಿಗೆ ಆಚೆ ದಡದ ಕಲ್ಲು ತಾಗಿತು. ಏದುಸಿರು ಬಿಡುತ್ತ, ಕಣ್ಣಿನ ನೀರು ಒರೆಸಿಕೊಂಡು, ತಂಗಿಯ ಕೈ ಹಿಡಿದು ಮೇಲೆ ಬರಬೇಕಾದವಳು ಆ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ತಾಳೇ, ವಾಪಸ್ಸೂ ಹೋಗಿ ನೋಡ್ತೀನಿ" ಎಂದು ಗೋಡೆಗೆ ಕಾಲು ಕೊಟ್ಟು ನೀರಿಗೆ ಚಿಮ್ಮಿದಳು.