ಜಮಖಾನೆಯ ಮೇಲೆ ಒಂಟೆ

ರತ್ನದೀಪನಿಗೆ ಹಿಮ ಎಂದರೆ ಪ್ರಾಣ. ನೋಡಿರಲಿಲ್ಲ, ಅಷ್ಟೇ. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ, ಮಾರ್ಚ್ ಬಿಸಿಲಿಗೆ ತಲೆಯ ಮೇಲಿನ ತಗಡು ಪಟಪಟ ಎನ್ನುತ್ತಿದ್ದರೂ ಅವನು ಬೋರಲು ಬಿದ್ದುಕೊಂಡು ಯಾವುದೋ ದೂರದೇಶದ ಅನುವಾದಿತ ಕಾದಂಬರಿ ಓದುತ್ತಿದ್ದ. ಆ ಕಾದಂಬರಿಗಳಲ್ಲಿ ಸದಾ ಹಿಮ ಬೀಳುತ್ತಿತ್ತು. ಜನ ರೈಲು ನಿಲ್ದಾಣದಲ್ಲಿ ತುಟಿ ಬಿಚ್ಚದೆ ನಿಂತಿರುತ್ತಿದ್ದರು. ಕೊನೆಗೆ ಏನೂ ಆಗುತ್ತಿರಲಿಲ್ಲ. ಏನೂ ಆಗದಷ್ಟೂ ಕಥೆ ದೊಡ್ಡದು ಎಂದು ಅವನು ತಿಳಿದಿದ್ದ. ತಾನೂ ಹಾಗೆಯೇ ಬರೆದ, ಒಂದೆರಡು ಪತ್ರಿಕೆಗಳಲ್ಲಿ ಅಚ್ಚೂ ಆದವು. ಓದಿದವರೆಲ್ಲ ತಾವೂ ಬರೆಯುವವರೇ. ಇವನದನ್ನು ಅವರು ಹೊಗಳಿದರು, ಅವರದನ್ನು ಇವನು ಹೊಗಳಿದ. ಮದುವೆ ಮನೆಯ ಮುಯ್ಯಿಯ ಹಾಗೆ, ಯಾರಿಗೂ ನಷ್ಟವಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದವಳು ಅಣ್ಣನ ಮಗಳು, ಒಂದನೇ ತರಗತಿಯ ಪೂನಂ.

"ಕಾಕಾ, ನೀ ಬುಕ್ ಬರೀತಿ ಹೌದಿಲ್ಲೊ?"

"ಹೌದವ್ವ."

"ನಮ್ಮ ಕ್ಲಾಸಿನ್ಯಾಗ ಹೇಳೀನಿ. ಯಾರೂ ನಂಬವಲ್ರು. ಒಂದು ಕೊಡು, ಒಯ್ದು ತೋರಸ್ತೀನಿ."

ಅವನು ತನ್ನ ಕಥೆ ಬಂದಿದ್ದ ಪತ್ರಿಕೆಯನ್ನು ಕೊಟ್ಟ. ಪೂನಂ ಅದನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ತಿರುವಿದಳು. "ಇದರಾಗ ಬರೇ ಅಕ್ಷರ ಅವ. ಇದು ಬುಕ್ಕಲ್ಲ, ಪೇಪರ್," ಎಂದು ವಾಪಸು ಕೊಟ್ಟಳು.

ಒಳಗಿನಿಂದ ಅವಳ ತಾಯಿ ಸರಿತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೂಗಿದಳು: "ನಿಮ್ಮ ಕಾಕಾನ ಕಥಿ ಓದಿ ದೊಡ್ಡವ್ರೇ ತಲಿ ಕೆರಕೋತಾರ. ನಿಂಗೇನ್ ತಿಳೀತದ, ಬಾ ಉಣ್ಣಾಕ."

ಮಾನ ಹೋಗುವುದಕ್ಕೆ ಅಷ್ಟು ಸಾಕಾಗಿತ್ತು. "ನೋಡ್ತಿರ್ರಿ ವೈನಿ," ಎಂದ ರತ್ನದೀಪ ಅತ್ತಿಗೆಗೆ. "ಈ ಸಲದ ಓದಿನ ಚೀಲದಾಗ ನನ್ನ ಪುಸ್ತಕ ಇರ್ತದ. ಪೂನಂನ ಸಾಲೀಗೇ ಬರ್ತದ."

ಪೂನಂ ಮರುದಿನವೇ ಇದನ್ನು ಇಡೀ ತರಗತಿಗೆ ಸಾರಿದಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಓದಿನ ಚೀಲ ಎಂಬುದು ಹುಮನಾಬಾದಿನ ಕೆಲವು ಶಿಕ್ಷಕಿಯರು ಶುರುಮಾಡಿದ ಕೆಲಸ. ಪುಟ್ಟ ಮಕ್ಕಳಿಗೆಂದು ಚಿಕ್ಕ ಚಿಕ್ಕ ಪುಸ್ತಕಗಳನ್ನು ಆರಿಸಿ, ಇಲ್ಲದಿದ್ದರೆ ತಾವೇ ಮಾಡಿ, ಬಟ್ಟೆಯ ಚೀಲದಲ್ಲಿ ತುಂಬಿ ಎರಡೂ ತಾಲ್ಲೂಕಿನ ಶಾಲೆಗಳಿಗೆ ಕಳಿಸುತ್ತಿದ್ದರು. ಮಕ್ಕಳು ಬೇಕಾದ್ದನ್ನು ಮನೆಗೊಯ್ದು ಓದಿ ತರಬೇಕು. ಇದರ ಮುಂದಾಳು ವಹೀದಾ ಟೀಚರ್. ರತ್ನದೀಪ ಹುಮನಾಬಾದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದರಿಂದ ದಿನಾ ಬಸ್ಸಿನಲ್ಲಿ ಸಿಗುತ್ತಿದ್ದ ಅವರ ಪರಿಚಯವಿತ್ತು. ಕಥೆ ಕೊಡುತ್ತೇನೆ ಎಂದಾಗ ವಹೀದಾ ಸಂತೋಷದಿಂದಲೇ ಒಪ್ಪಿದರು. "ಆದ್ರ ನಮ್ಮ ಜಮಖಾನಿ ದಾಟಿ ಹೋಗಬೇಕ್ರಿ ಸರ್," ಎಂದರು.

ಆ ಜಮಖಾನೆಯ ಕಾನೂನು ಹೀಗಿತ್ತು. ಶನಿವಾರ ಬೆಳಿಗ್ಗೆ ಹುಮನಾಬಾದಿನಲ್ಲಿ ವಹೀದಾರ ಶಾಲೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಒಂದನೇ ತರಗತಿಯ ಮಕ್ಕಳನ್ನು ಕೂರಿಸುವುದು. ಬರೆದವರೇ ಬಂದು ಓದುವುದು. ಬೇಜಾರಾದ ಮಗು ಯಾರನ್ನೂ ಕೇಳದೆ ಎದ್ದು ಆಡಲು ಹೋಗಬಹುದು. ಅರ್ಧ ಜಮಖಾನೆ ಖಾಲಿಯಾಯಿತೋ, ಪುಸ್ತಕ ಮುಚ್ಚುವುದು. ಬರೆದವರು ತಾಲ್ಲೂಕಿಗೆ ದೊಡ್ಡವರಾಗಿರಲಿ, ಜಿಲ್ಲೆಗೆ ದೊಡ್ಡವರಾಗಿರಲಿ.

ರತ್ನದೀಪ ನಕ್ಕ. ಮಕ್ಕಳ ಕಥೆ ಬರೆಯುವುದು ಎಷ್ಟರ ಕೆಲಸ? ತನ್ನದೇ ಹಳೆಯ ಕಥೆಯೊಂದನ್ನು ತೆಗೆದ. ಹಿಮ ಬೀಳುವ ನಿಲ್ದಾಣದಲ್ಲಿ ಹೆಸರಿಲ್ಲದ ಮನುಷ್ಯನೊಬ್ಬ ರೈಲಿಗೆ ಕಾಯುತ್ತಾನೆ, ರೈಲು ಬರುವುದಿಲ್ಲ. 'ಮನುಷ್ಯ' ಎಂದಿದ್ದಲ್ಲೆಲ್ಲ 'ಒಂಟೆ' ಎಂದು ಹಾಕಿದ. ಮಕ್ಕಳ ಕಥೆಯಾಯಿತು.

ಆ ಶನಿವಾರ ಮೊದಲ ವಾಕ್ಯ ಓದಿದ: "ಹಿಮ ಬೀಳುತ್ತಿತ್ತು."

"ಹಿಮ ಅಂದ್ರ ಏನ್ರಿ ಸರ್?" ಮುಂದೆ ಕುಳಿತಿದ್ದ ತುಳಜಾರಾಮ ಎಂಬ ಹುಡುಗ ಕೇಳಿದ.

"ಬರ್ಫ್."

"ಬರ್ಫ್ ಗಾಡಿಮ್ಯಾಲ ಬರ್ತದ್ರಿ. ಮ್ಯಾಲಿಂದ ಹ್ಯಾಂಗ ಬೀಳ್ತದ?"

"ಕಲರ್ ಯಾವ್ದ್ರಿ? ಕೆಂಪೊ, ಹಸಿರೊ?" ಎಂದಿತು ಇನ್ನೊಂದು ಮಗು.

ರತ್ನದೀಪ ಕೇಳದವನಂತೆ ಮುಂದುವರಿದ. ಒಂಟೆ ನಿಂತಿತ್ತು. ಒಂಟೆ ದೂರ ನೋಡಿತು. ಒಂಟೆ ಕೋಟಿನ ಕಾಲರನ್ನು ಮೇಲೆತ್ತಿಕೊಂಡಿತು.

ಅದನ್ನು ತಿದ್ದಲು ಮರೆತಿದ್ದ.

"ಒಂಟಿ ಕೋಟ್ ಹಾಕ್ಕೋತದೇನ್ರಿ?" ತುಳಜಾರಾಮ ಎದ್ದು ನಿಂತ. "ಸುಳ್ಳ ಹೇಳ್ತಾರ ಸರ್," ಎಂದು ಮಿಕ್ಕವರಿಗೆ ತಿಳಿಸಿ ಅಂಗಳಕ್ಕೆ ಓಡಿದ. ಅವನ ಹಿಂದೆ ಇಬ್ಬರು, ಅವರ ಹಿಂದೆ ನಾಲ್ವರು. ನೋಡನೋಡುತ್ತಿದ್ದಂತೆ ಜಮಖಾನೆಯ ಮೇಲೆ ಒಂದೇ ಮಗು ಉಳಿಯಿತು. ಸಮ್ರೀನ ಎಂಬ, ಎರಡು ಜಡೆಯ ಹುಡುಗಿ. ಅವಳು ರೆಪ್ಪೆ ಅಲುಗಿಸದೆ ಅವನನ್ನೇ ನೋಡುತ್ತಿದ್ದಳು.

ರತ್ನದೀಪನ ಎದೆ ತುಂಬಿ ಬಂತು. ಒಬ್ಬಳೇ ಓದುಗಾರ್ತಿ! ದೊಡ್ಡ ಲೇಖಕರಿಗೆಲ್ಲ ಮೊದಲು ಒಬ್ಬೊಬ್ಬರೇ ಅಲ್ಲವೇ? ಜಮಖಾನೆಯ ಕಾನೂನು ಮರೆತು, ದನಿಯನ್ನು ಇನ್ನಷ್ಟು ತಗ್ಗಿಸಿ, ಅವಳೊಬ್ಬಳಿಗಾಗಿ ಕೊನೆಯ ಪುಟದವರೆಗೆ ಓದಿದ. ಮುಗಿಸಿ ಮೆತ್ತಗೆ ಕೇಳಿದ: "ಏನ್ ಅನಿಸ್ತವ್ವ?"

"ಸರ್, ನನ್ನ ಚೀಲದ ಬೆಲ್ಟಿನ ಮ್ಯಾಲ ಕುಂತೀರಿ," ಎಂದಳು ಸಮ್ರೀನ. "ತುಸು ಏಳ್ರಿ, ನಾ ಹೋಗ್ತೀನಿ."

ಬಾಗಿಲಲ್ಲಿ ನಿಂತಿದ್ದ ವಹೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗೆ ಅಡಗಿದ ಮೇಲೆ, "ಚಿತ್ರ ನಾನೇ ತೆಗೀಬೇಕಾಗ್ತದಲ್ರಿ, ಒಂಟಿಗೆ ಕೋಟ್ ಹಾಕ್ಲೊ ಬ್ಯಾಡೊ?" ಎಂದರು. ಅವನ ಮುಖ ನೋಡಿ ಪಾಪ ಅನಿಸಿರಬೇಕು, ಈಗಾಗಲೇ ಆಯ್ಕೆಯಾದ ಪುಸ್ತಕಗಳ ಒಂದು ಚೀಲ ತಂದುಕೊಟ್ಟರು. "ಬರೆಯೂದು ಆಮ್ಯಾಲ. ಮೊದಲ ಆರಿಸೂದು ಕಲೀರಿ. ನಿಮ್ಮ ಮನ್ಯಾಗ ಹುಡಿಗಿ ಅದಾಳಲ್ಲ, ಆಕಿ ಯಾವ್ದು 'ಇನ್ನೊಮ್ಮೆ' ಅಂತಾಳ ನೋಡ್ರಿ. ಬರೂ ಶನಿವಾರ ಮತ್ತ ಬರ್ರಿ. ಅದೇ ಕಡೀದು, ಸೋಮವಾರ ಚೀಲ ತುಂಬತೀವಿ."

ಮನೆಯಲ್ಲಿ ರತ್ನದೀಪ ಚೀಲವನ್ನು ತನ್ನ ರುಚಿಗೆ ತಕ್ಕಂತೆ ಜರಡಿ ಹಿಡಿದ. ಬಣ್ಣ ಕಡಿಮೆ ಇದ್ದದ್ದು, ವಿಷಾದ ಜಾಸ್ತಿ ಇದ್ದದ್ದು ಮೇಲೆ. ನೀರಿನಿಂದ ಎದ್ದುಬಾರದ ಎಮ್ಮೆಯೊಂದರ ಪುಸ್ತಕ ತೀರಾ ಕೆಳಗೆ. ಅದರಲ್ಲಿ ಆಗುವುದೆಂದರೆ, ಒಬ್ಬೊಬ್ಬರೇ ಬಂದು ಎಮ್ಮೆಯನ್ನು ಕರೆಯುತ್ತಾರೆ, ಎಮ್ಮೆ 'ಊಹೂಂ' ಎನ್ನುತ್ತದೆ. ಪೂನಂ ರಾಶಿಯ ಅಡಿಗೆ ಕೈ ಹಾಕಿ ಎಮ್ಮೆಯನ್ನೇ ಎಳೆದಳು.

"ಇದು ಬ್ಯಾಡ, ಇದರಾಗ ಏನೂ ಆಗಂಗಿಲ್ಲ," ಎಂದ ರತ್ನದೀಪ. ಜೀವಮಾನವಿಡೀ ಏನೂ ಆಗದ ಕಥೆ ಬರೆದವನು.

ಪೂನಂ ಕೇಳಲಿಲ್ಲ. ಓದಿಸಿದಳು. "ಇನ್ನೊಮ್ಮೆ," ಎಂದಳು. ಊಟಕ್ಕೆ ಮೊದಲು ಎಮ್ಮೆ, ಊಟದ ನಡುವೆ ಎಮ್ಮೆ. ಮರುದಿನ ಹಲ್ಲುಜ್ಜುವಾಗ ಅವಳೇ ಬಾಯ್ತುಂಬ ನೊರೆ ಇಟ್ಟುಕೊಂಡು 'ಊಹೂಂ' ಎನ್ನುತ್ತಿದ್ದಳು. ಇನ್ನೂ ಸರಿಯಾಗಿ ಅಕ್ಷರ ಕೂಡಿಸಲು ಬಾರದವಳು ಆ ಒಂದು ಪದದ ಮೇಲೆ ಬೆರಳಿಟ್ಟು, ಪುಟ ಪುಟದಲ್ಲೂ ಹುಡುಕಿ ಹುಡುಕಿ ಓದುತ್ತಿದ್ದಳು. ಬುಧವಾರದ ಹೊತ್ತಿಗೆ ರತ್ನದೀಪನೂ ಎಮ್ಮೆಯ ದನಿ ತೆಗೆಯತೊಡಗಿದ್ದ. ಸರಿತಾ ಬಗ್ಗಿ ನೋಡಿ, "ಈಗ ದನಿ ಸರಿಯಾಗಿ ಕುಂತದ," ಎಂದಳು.

ಅವನಿಗೆ ಎಮ್ಮೆಯ ಮೇಲೆ ಹೊಟ್ಟೆಕಿಚ್ಚಾಯಿತು. ಕಾಗದ ಹಿಡಿದು ಕುಳಿತ. ಹಿಮ ಹೊಡೆದುಹಾಕಿದ. ರೈಲು ಹೊಡೆದುಹಾಕಿದ. ಕೋಟನ್ನು ಬಿಚ್ಚಿಸಿದ. ಒಂಟೆಯನ್ನು ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ತಂದು ನಿಲ್ಲಿಸಿದ.

ಶನಿವಾರ ಮಕ್ಕಳು ಅವನನ್ನು ಗುರುತಿಸಿ, ಓಡಿಹೋಗಲು ಅನುಕೂಲವಾಗುವಂತೆ ಜಮಖಾನೆಯ ಅಂಚಿಗೇ ಕುಳಿತರು. ಸಮ್ರೀನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವನು ಓದಿದ:

"ಬೀದರ್ ಬಸ್ ಬಂತು. ಒಂಟೆಯ ಕುತ್ತಿಗೆ ಒಳಗೆ ಹಿಡಿಸಲಿಲ್ಲ. ಒಂಟೆ ಹತ್ತಲಿಲ್ಲ."

ಯಾರೂ ಏಳಲಿಲ್ಲ.

"ಮುಡಬಿ ಬಸ್ ಬಂತು. ಎಲ್ಲ ಸೀಟಿನ ಮೇಲೂ ಯಾರೋ ಕಿಟಕಿಯಿಂದ ಟವೆಲ್ ಹಾಕಿದ್ದರು. ಒಂಟೆ—"

"ಹತ್ತಲಿಲ್ಲ!" ತುಳಜಾರಾಮ ಕೂಗಿದ. "ನಮ್ಮಪ್ಪನೂ ಟವೆಲ್ ಒಗೀತಾನ್ರಿ!"

"ಮಂಠಾಳ ಬಸ್ ಬಂತು. ಸಂತೆಯ ಗಂಟುಗಳೇ ಕುಳಿತಿದ್ದವು, ಜನ ನಿಂತಿದ್ದರು. ಒಂಟೆ—"

"ಹತ್ತಲಿಲ್ಲ!" ಈಗ ಇಡೀ ಜಮಖಾನೆ. ಅಂಚಿನಲ್ಲಿದ್ದವರು ನಡುವಿಗೆ ಸರಿದರು, ನಡುವಿದ್ದವರು ಅವನ ಮೊಣಕಾಲಿಗೆ ಒತ್ತಿಕೊಂಡರು. ಬಸ್ಸುಗಳು ಬಂದವು, ಹೋದವು. ಅವನು ಕೊನೆಯ ಪುಟ ತಿರುವಿದ. ಕೊನೆಯನ್ನು ಮಾತ್ರ ಅವನು ಬದಲಿಸಿರಲಿಲ್ಲ. ಅಷ್ಟಾದರೂ ಕಲೆ ಉಳಿಯಬೇಡವೇ?

"ಸ್ಟ್ಯಾಂಡ್ ಖಾಲಿಯಾಯಿತು. ಒಂಟೆ ನಿಂತೇ ಇತ್ತು."

ಓದಿ, ಮೌನಕ್ಕೆ ಅವಕಾಶ ಕೊಟ್ಟ. ಅವನು ಪುಟ ತಿರುವಲಿ ಎಂದು ಮಕ್ಕಳು ಕಾಯುತ್ತಿದ್ದರು.

"ಮುಂದ?" ಎಂದಳು ಸಮ್ರೀನ.

"ಮುಂದ ಇಲ್ಲವ್ವ. ಅಷ್ಟೇ."

ತುಳಜಾರಾಮ ಕಾಗದಗಳನ್ನು ಇಸಿದುಕೊಂಡು ಹಿಂದೆ ಮುಂದೆ ನೋಡಿದ. ಆಮೇಲೆ ಗಂಭೀರವಾಗಿ ಘೋಷಿಸಿದ: "ಕಡೀ ಹಾಳಿ ಹರದದ!"

ಮಕ್ಕಳಿಗೆ ಇದು ಹೊಸದಲ್ಲ. ಊರೂರು ತಿರುಗುವ ಚೀಲದ ಪುಸ್ತಕಗಳಲ್ಲಿ ಮೊದಲು ಹೋಗುವುದೇ ಕೊನೆಯ ಹಾಳೆ. ಹರಿದ ಹಾಳೆಯನ್ನು ಹುಡುಕಿ ಅಂಟಿಸುವುದು ಅವರ ಶಾಲೆಯ ಪದ್ಧತಿ. ಎಲ್ಲರೂ ಎದ್ದರು. ಕೆಲವರು ಜಮಖಾನೆ ಎತ್ತಿ ಕೆಳಗೆ ನೋಡಿದರು. ಒಬ್ಬ ರತ್ನದೀಪನ ಬ್ಯಾಗಿಗೆ ಕೈ ಹಾಕಿದ. ಸಮ್ರೀನ ಅಂಟಿನ ಡಬ್ಬಿಯನ್ನೇ ತಂದಳು.

"ಹರದಿಲ್ಲ!" ಎಂದ ರತ್ನದೀಪ. "ಕಥಿ ಹಂಗೇ ಅದ. ಮುಂದಿಂದು ನೀವೇ ವಿಚಾರ ಮಾಡ್ಬೇಕು."

"ನಾವ್ಯಾಕ ಮಾಡ್ಬೇಕ್ರಿ? ಬರದವ್ರು ನೀವು," ಎಂದ ತುಳಜಾರಾಮ.

ವಹೀದಾ ಮಕ್ಕಳನ್ನು ಆಟಕ್ಕೆ ಕಳಿಸಿ ಬಂದು ಕುಳಿತರು. "ಜಮಖಾನಿ ಖಾಲಿ ಆಗ್ಲಿಲ್ಲ. ನೀವು ಗೆದ್ರಿ. ಆದ್ರ ಇದನ್ನ ಹಿಂಗೇ ಚೀಲಕ್ಕ ಹಾಕಾಕ ಬರಂಗಿಲ್ರಿ."

"ಯಾಕ್ರಿ? ಇದಕ್ಕ ಮುಕ್ತ ಅಂತ್ಯ ಅಂತಾರ್ರಿ, ಹೊರಗಿನ ಸಾಹಿತ್ಯದಾಗ—"

"ಹೊರಗ ಏನರ ಅನ್ಲಿ. ಇಲ್ಲಿ ಹುಡುಗ ಪುಸ್ತಕ ಮನೀಗೊಯ್ತಾನ. ಅವ್ವ ನೋಡ್ತಾಳ, ಕಡೀ ಹಾಳಿ ಇಲ್ಲ. 'ಸಾಲಿ ಪುಸ್ತಕ ಹರದಿ ಏನೋ' ಅಂತ ಬೆನ್ನಿಗೆ ಎರಡು ಕೊಡ್ತಾಳ. ನಿಮ್ಮ ಮುಕ್ತ ಅಂತ್ಯಕ್ಕ ಹೊಡತ ಯಾರು ತಿನ್ಬೇಕು? ಒಮ್ಮೆ ಹೊಡತ ತಿಂದ ಹುಡುಗ ಮತ್ತ ಚೀಲಕ್ಕ ಕೈ ಹಾಕಂಗಿಲ್ಲ."

"ಕೆಳಗ 'ಮುಗಿಯಿತು' ಅಂತ ಹಾಕಿದ್ರ?"

"ಒಂಟಿ ಬಸ್ಸೇ ಹತ್ತಿಲ್ಲ, ಏನ್ ಮುಗೀತು? ಸೋಮವಾರ ಮುಂಜಾನಿ ಮುಕ್ತಾಯ ತರ್ರಿ. ಇಲ್ಲಂದ್ರ ಬರೂ ವರ್ಷ ನೋಡೂಣು."

ಬರುವ ವರ್ಷದ ಹೊತ್ತಿಗೆ ಪೂನಂ ಎರಡನೇ ತರಗತಿಗೆ ಹೋಗಿರುತ್ತಾಳೆ, ಸುಳ್ಳುಗಾರ್ತಿ ಎಂಬ ಹೆಸರು ಹೊತ್ತುಕೊಂಡು. ಬಸ್ಸಿನಲ್ಲಿ ಸಸ್ತಾಪುರ ಬಂಗ್ಲಾ ಸ್ಟಾಪ್ ದಾಟುವವರೆಗೆ ರತ್ನದೀಪ ವಹೀದಾರ ಮೇಲೆ ಸಿಟ್ಟಿನಿಂದಿದ್ದ. ಮನೆ ಮುಟ್ಟಿದ ಮೇಲೆ ಸಿಟ್ಟು ಇಳಿಯಿತು, ಕೊನೆ ಮಾತ್ರ ಹೊಳೆಯಲಿಲ್ಲ. ಭಾನುವಾರ ಮಧ್ಯಾಹ್ನ ಪೂನಂ ಬಂದು ಕಾಗದಗಳನ್ನು ತಾನೇ ಜೋಡಿಸಿ, ಓದು ಎಂದಳು. ಪ್ರತಿ ಬಸ್ಸಿಗೂ 'ಹತ್ತಲಿಲ್ಲ' ಎಂದು ಕುಣಿದಳು. ಕೊನೆಗೆ ಬಂದಾಗ ಹಾಳೆ ಹುಡುಕಲಿಲ್ಲ. ಅವನ ಮುಖವನ್ನೇ ಕಣ್ಣು ಕಿರಿದು ಮಾಡಿ ನೋಡಿದಳು.

"ಕಾಕಾ, ಅದಕ್ಕ ಎಲ್ಲಿಗೆ ಹೋಗ್ಬೇಕಾಗಿತ್ತು?"

"ಅದನ್ನ ಹೇಳಬಾರದವ್ವ. ಅದೇ ಕಥಿ."

"ನಿನಗ ಗೊತ್ತಿಲ್ಲೇನು?"

ರತ್ನದೀಪನ ಬಳಿ ವಿಮರ್ಶಕರಿಗೆಂದು ಎಷ್ಟೋ ವರ್ಷಗಳಿಂದ ಸಿದ್ಧವಿಟ್ಟುಕೊಂಡಿದ್ದ ಉತ್ತರಗಳಿದ್ದವು: ಅಸ್ತಿತ್ವದ ನಿರೀಕ್ಷೆ, ಅರ್ಥದ ಗೈರುಹಾಜರಿ. ಒಂದೂ ಈ ಹುಡುಗಿಯ ಮುಂದೆ ನಿಲ್ಲುವಂಥದ್ದಾಗಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. ಕೋಟಿನ ಮನುಷ್ಯನನ್ನೂ ಅವನು ಎಲ್ಲಿಗೆ ಹೊರಟಿದ್ದೀ ಎಂದು ಕೇಳಿರಲಿಲ್ಲ. ಇಷ್ಟು ಕಾಲ ಅದನ್ನು ಆಳ ಎಂದುಕೊಂಡಿದ್ದ.

"ಗೊತ್ತಿಲ್ಲ," ಎಂದ.

"ಮತ್ತ ಕೇಳ್ಬೇಕಿಲ್ಲೊ ಅದಕ್ಕ?" ಎಂದು ಪೂನಂ ಬೇಸರದಿಂದ ಎದ್ದುಹೋದಳು. ಜಮಖಾನೆ ಇಲ್ಲದಿದ್ದರೂ ಕಾನೂನು ಅದೇ.

ಅವನು ಕೇಳಿದ. ಸಂಜೆಯವರೆಗೆ ಕಾಗದದ ಮೇಲೆ ಒಂಟೆಯನ್ನು ನೂರೆಂಟು ಕಡೆಗೆ ಕಳಿಸಿ ನೋಡಿದ. ಕೊನೆಗೆ ಕಥೆಯೊಳಕ್ಕೆ ಒಬ್ಬ ಮುದುಕಿ ಬಂದಳು, ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು. "ಎಲ್ಲಿಗೆ ಹೊಂಟಿಯೊ ಒಂಟೆಪ್ಪಾ?" ಎಂದಳು. "ಕೊಹಿನೂರ ಹಳ್ಳಿಗೆ, ಸೋದರಮಾವನ ಮನೀಗೆ," ಎಂದಿತು ಒಂಟೆ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿಯೇ ಇರಲಿಲ್ಲ. "ಅಯ್ಯ ಹುಚ್ಚಪ್ಪ, ಆ ಬಸ್ ಆಚೀ ಕಡಿ ನಿಲ್ತದ!" ಒಂಟೆ ಆಚೆ ಕಡೆ ಹೋಯಿತು. ಬಸ್ ಬಂತು. ಒಂಟೆ ಹತ್ತಿತು. ಕುತ್ತಿಗೆಯನ್ನು ಕಿಟಕಿಯಿಂದ ಹೊರಗೆ ಹಾಕಿ, ದಾರಿಯುದ್ದಕ್ಕೂ ಹೊಲ ನೋಡುತ್ತ ಹೋಯಿತು.

ಬರೆದು ಓದಿದ. ನಾಚಿಕೆಯಾಯಿತು. ಇಂಥ ಸುಖಾಂತ್ಯವನ್ನು ಬೇರೆ ಯಾರಾದರೂ ಬರೆದಿದ್ದರೆ ಅವನೇ ಪತ್ರಿಕೆಯಲ್ಲಿ ಸೀಳಿಹಾಕುತ್ತಿದ್ದ. ಆದರೂ 'ಒಂಟೆ ಹತ್ತಿತು' ಎಂಬಲ್ಲಿ ಅವನ ತುಟಿ ತನ್ನಷ್ಟಕ್ಕೆ ಅರಳಿತ್ತು.

ಸೋಮವಾರ ವಹೀದಾ ಆ ಹಾಳೆಯನ್ನು ನಿಂತಲ್ಲೇ ಓದಿದರು. "ದೊಡ್ಡ ಸಾಹಿತ್ಯ ಏನಲ್ರಿ ಇದು," ಎಂದರು. ಆಮೇಲೆ ಪೆನ್ಸಿಲ್ ತೆಗೆದು, ಕಾಗದದ ಮೂಲೆಯಲ್ಲಿ ಕಿಟಕಿಯಿಂದ ಹೊರಬಂದ ಉದ್ದನೆಯ ಕುತ್ತಿಗೆಯೊಂದನ್ನು ಬರೆಯತೊಡಗಿದರು.

ಚೀಲ ಬಸವಕಲ್ಯಾಣದ ಶಾಲೆ ತಲುಪಿದ ದಿನ ರತ್ನದೀಪ ಕಾಲೇಜಿಗೆ ಹೋಗಲಿಲ್ಲ. ಪೂನಂ ಬರುವ ಹೊತ್ತಿಗೆ, ಏನೋ ಕೆಲಸವಿದೆಯೆಂಬಂತೆ ಬಾಗಿಲಲ್ಲೇ ನಿಂತಿದ್ದ. ಅವಳು ಮುಖ ಊದಿಸಿಕೊಂಡು ಬಂದಳು.

"ಯಾಕವ್ವ? ಹುಡುಗರಿಗೆ ಕಥಿ ಸೇರಲಿಲ್ಲೇನು?"

"ಸೇರ್ತು. ಟೀಚರ್ ಎರಡ್ ಸಲ ಓದಿದ್ರು. ನಾ ಎದ್ದು ನಮ್ಮ ಕಾಕಾ ಬರ್ದಾನ ಅಂದೆ. ಮತ್ತ ನಂಬಲಿಲ್ಲ."

"ಹೆಸರು ಅದಲ್ಲ ಮ್ಯಾಲ!"

"ಹೆಸರು ಅದ. ಆದ್ರ ಬುಕ್ ಬರಿಯೋರು ಸತ್ತಿರ್ತಾರಂತ. ಅವರ ಫೋಟೋ ಗ್ವಾಡಿಗೆ ಹಾಕಿರ್ತಾರಂತ. ನೀ ಇನ್ನ ಅದಿಯಲ್ಲ."

ಸರಿತಾ ಒಳಗೆ ನಗುತ್ತಿದ್ದುದು ಕೇಳಿಸಿತು. "ಹೋಗಿ ಬರ್ರಿ ಒಮ್ಮೆ," ಎಂದಳು. "ಜೀವಂತ ಅದೀನಿ ಅಂತ ಹೇಳಿ ಬರ್ರಿ."

ಮರುದಿನ ರತ್ನದೀಪ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಒಂದನೇ ತರಗತಿಯ ಮುಂದೆ ನಿಂತ. ನಾಲ್ಕು ಒಳ್ಳೆಯ ಮಾತು ಸಿದ್ಧಮಾಡಿಕೊಂಡಿದ್ದ, ಓದುವ ಆನಂದದ ಕುರಿತು. ಮಕ್ಕಳು ಅವನನ್ನು ಅಡಿಯಿಂದ ಮುಡಿಯವರೆಗೆ ಸಂಶಯದಿಂದ ನೋಡಿದರು. ಅವನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಪೂನಂ ಅವನ ಕೈ ಹಿಡಿದು, ಮೊಣಕೈ ಹತ್ತಿರ ಸರಿಯಾಗಿ ಚಿವುಟಿದಳು.

"ಅಯ್ಯಯ್ಯೋ!" ಎಂದು ಲೇಖಕ ಕುಪ್ಪಳಿಸಿದ.

"ನೋಡ್ರಿ," ಎಂದಳು ಪೂನಂ ತರಗತಿಯ ಕಡೆ ತಿರುಗಿ.

ತರಗತಿ ನಂಬಿತು.