ನೆಲಕ್ಕಿಳಿದ ಮೇಲೆ ಬಿಗಿಯುವ ಬೋಲ್ಟು

ನಾನು ಹಳೆಯ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಅಪ್ಪ ಎರಡು ಮಾರು ದೂರದಲ್ಲಿ ಕೂತು ಸ್ಪ್ಯಾನರುಗಳನ್ನು ಒರೆಸುತ್ತಿದ್ದ. ಬ್ರಷ್ಷಿನ ಸದ್ದು ಬಿಟ್ಟರೆ ಗ್ಯಾರೇಜಿನಲ್ಲಿ ಬೇರೆ ಸದ್ದಿರಲಿಲ್ಲ. ಅಪ್ಪ ನನ್ನ ಜೊತೆ ಮಾತು ಬಿಟ್ಟು ಅಂದಿಗೆ ಒಂಬತ್ತು ದಿನ.

ಬೈದಿದ್ದರೆ ಸುಲಭವಾಗುತ್ತಿತ್ತು. ಅಪ್ಪ ಬೈಯಲಿಲ್ಲ. ಮನೆಯಲ್ಲಿ ಇರುವವರು ನಾವಿಬ್ಬರೇ, ಆದರೂ ಊಟದ ತಟ್ಟೆ ತಾನೇ ಹಾಕಿಕೊಳ್ಳುತ್ತಿದ್ದ. ನನ್ನ ಕೈಯಳತೆಯಲ್ಲಿದ್ದ ಸುತ್ತಿಗೆಗೂ ತಾನೇ ಎದ್ದು ಬರುತ್ತಿದ್ದ.

ಎಲ್ಲಕ್ಕೂ ಕಾರಣ ನರ್ಸಕ್ಕನ ಕಾರು. ಮನೆಮನೆಗೆ ಹೋಗಿ ರೋಗಿಗಳಿಗೆ ಬ್ಯಾಂಡೇಜು ಬದಲಿಸುವ ಆಕೆಗೆ ಅದಿಲ್ಲದೆ ಕೆಲಸ ನಡೆಯದು. ಮೂರು ತಿಂಗಳ ಹಿಂದೆ ಅಪ್ಪ ಜ್ವರ ಬಂದು ಮಲಗಿದ್ದಾಗ ಅದರ ಮುಂದಿನ ಕಂಟ್ರೋಲ್ ಆರ್ಮನ್ನು, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳನ್ನು, ನಾನೊಬ್ಬಳೇ ಬದಲಾಯಿಸಿದ್ದೆ. ನಾನು ಒಂಟಿಯಾಗಿ ಮಾಡಿದ ಮೊದಲ ಕೆಲಸ ಅದು. ಒಂಬತ್ತು ದಿನದ ಹಿಂದೆ ಕಾರು ಕಿರುಗುಟ್ಟುತ್ತಾ ವಾಪಸು ಬಂದಿತ್ತು. ಬಿಚ್ಚಿ ನೋಡಿದರೆ ತೋಳಿನ ತುದಿಯ ಹೊಸ ರಬ್ಬರು ಹರಿದುಹೋಗಿತ್ತು.

ಅಪ್ಪ ಅದನ್ನು ನರ್ಸಕ್ಕನಿಗೆ ತೋರಿಸಿದ, ನನಗೆ ಬೆನ್ನು ಮಾಡಿ.

"ಆರ್ಮು ಗಾಳೀಲಿ ನೇತಾಡ್ತಿರುವಾಗ ಬೋಲ್ಟ್ ಬಿಗಿ ಮಾಡಿದ್ರೆ ರಬ್ಬರು ಆ ಭಂಗೀಲೇ ಕಚ್ಕೊಂಡ್ಬಿಡುತ್ತೆ. ಆಮೇಲೆ ಗಾಡಿ ನೆಲಕ್ಕಿಳಿದ್ರೆ ತಿರುಚ್ಕೊಂಡೇ ಇರುತ್ತೆ, ನಿಂತಾಗ್ಲೂ. ಎಷ್ಟು ದಿನ ತಡೆಯುತ್ತೆ ಹೇಳಿ? ಇದು ನನ್ನ ಕೈಕೆಲಸ ಅಲ್ಲ."

ನನಗೆ ಗೊತ್ತಿರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕ್ಲಾಸಿನಲ್ಲಿ ಎದ್ದು ನಿಂತು ಗೊತ್ತಿಲ್ಲದ್ದನ್ನು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಇಲ್ಲಿಯೂ ಏನನ್ನೂ ಕೇಳಲಿಲ್ಲ, ನೋಡಿ ನೋಡಿಯೇ ಕಲಿತೆ. ಗಾಡಿ ಮೇಲಿರುವಾಗ ಅಪ್ಪ ನಟ್ಟು ತಿರುಗಿಸುವುದನ್ನು ಎಷ್ಟೋ ಸಲ ಕಂಡಿದ್ದೆ. ಅದು ಬರೀ ಕೂರಿಸುವುದು, ಬಿಗಿಯುವುದಲ್ಲ ಎಂದು ಹೊಳೆಯಲಿಲ್ಲ. ಏಕೆಂದರೆ ಗಾಡಿ ಕೆಳಗಿಳಿಸಿ, ಅದರಡಿ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ ಗುಂಡಿಗೆ ಬಿಗಿಯಲೆಂದು ಇಳಿಯುವ ಹೊತ್ತಿಗೆ ಸರಿಯಾಗಿ ಅಪ್ಪ ನನ್ನನ್ನು ಮೂಲೆಯಂಗಡಿಗೆ ಟೀ ತರಲು ಕಳಿಸುತ್ತಿದ್ದ. ನಾನು ಬರುವಷ್ಟರಲ್ಲಿ ಮೇಲೆ ಬಂದು ಕೈ ಒರೆಸಿಕೊಳ್ಳುತ್ತಿದ್ದ. ನಾಲ್ಕು ವರ್ಷದಲ್ಲಿ ನಾನು ನೋಡದೇ ಉಳಿದದ್ದು ಅಷ್ಟು ಮಾತ್ರ.

ಇದನ್ನು ಹೇಳಬೇಕೆಂದು ದಿನವೂ ನಾಲಿಗೆ ತುದಿಯವರೆಗೆ ಬರುತ್ತಿತ್ತು. ಹೇಳಿದರೆ ಟೀಯ ಮೇಲೆ ತಪ್ಪು ಹೊರಿಸಿದಂತಾಗುತ್ತದೆ ಎಂದು ನುಂಗಿಕೊಂಡೆ.

ಹೊಸ ಆರ್ಮು ಬಂದಿದ್ದರಿಂದ, ಅಷ್ಟು ದಿನ ಹಾಗೇ ಮೆಲ್ಲಗೆ ಓಡಿಸುತ್ತಿದ್ದ ಕಾರನ್ನು ನರ್ಸಕ್ಕ ಅಂದು ಬೆಳಿಗ್ಗೆ ತಂದಳು. ಗುಂಡಿಯ ಮೇಲೆ ನಿಲ್ಲಿಸಿ ಇಳಿದವಳು ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಏನಣ್ಣಾ, ಅಪ್ಪ ಮಗಳು ಇಬ್ರೂ ಬಾಯಿಗೆ ಹೊಲಿಗೆ ಹಾಕಿಸ್ಕೊಂಡಿದ್ದೀರಾ? ಹೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ದೆ."

ಅಪ್ಪ ಸ್ಪ್ಯಾನರು ಒರೆಸುತ್ತಲೇ ಇದ್ದ. ಈ ಸಲ ಯಾರು ಮಾಡ್ತೀರಿ ಎಂದು ಆಕೆ ಕೇಳಿದಳು.

"ಕೆಡಿಸಿದೋರೇ ಸರಿ ಮಾಡ್ಲಿ," ಎಂದ ಅಪ್ಪ, ಆಕೆಗೇ.

ನರ್ಸಕ್ಕ ನನ್ನ ಭುಜ ತಟ್ಟಿ, ನಾಲ್ಕು ಗಂಟೆಗೆ ಬರುತ್ತೇನೆಂದು ಚೀಲ ಹೆಗಲಿಗೇರಿಸಿ ನಡೆದೇ ಹೋದಳು. ಇದೂ ಕೆಟ್ಟರೆ ಮತ್ತೆ ನನ್ನ ಕೈಗೆ ಸ್ಪ್ಯಾನರು ಬರುವುದಿಲ್ಲ. ಸರಿಹೋದರೆ ಅಪ್ಪ ಒಂದು ಮಾತಾದರೂ ಆಡಬಹುದು.

ಜಾಕು ಏರಿಸಿ, ಸ್ಟ್ಯಾಂಡು ಕೊಟ್ಟು, ಚಕ್ರ ಬಿಚ್ಚಿದೆ. ಹಳೆಯ ತೋಳು ಹೊರಗೆ, ಹೊಸದು ಒಳಗೆ. ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ ಅಲ್ಲಿಗೇ ಬಿಟ್ಟೆ. ಅಪ್ಪ ಸ್ಟೂಲು ತಂದು ಅದೇ ಚಕ್ರದ ಪಕ್ಕ ಕೂತ, ಮುಖ ಬೀದಿಯ ಕಡೆಗೆ. ಚಕ್ರ ಹಾಕಿ ಗಾಡಿ ಇಳಿಸಿದೆ. ಅದು ತನ್ನ ಮಟ್ಟಕ್ಕೆ ಕೂರಲಿ ಎಂದು ಬಂಪರಿನ ಮೇಲೆ ಭಾರ ಬಿಟ್ಟು ನಾಲ್ಕು ಸಲ ಒತ್ತಿದೆ. ಟೀ ತಾ ಎಂದು ಯಾರೂ ಹೇಳಲಿಲ್ಲ. ಗುಂಡಿಗೆ ಇಳಿದೆ.

ಗುಂಡಿಯಲ್ಲಿ ತಣ್ಣಗಿತ್ತು. ತಲೆಯ ಮೇಲೆ ಇಡೀ ಕಾರು, ಪಕ್ಕದಲ್ಲಿ ಒಂದು ಗೇಣು ಬೆಳಕು, ಆ ಬೆಳಕಿನಲ್ಲಿ ಅಪ್ಪನ ಬೂಟುಗಳು. ಗಾಡಿ ಮೇಲಿದ್ದಾಗ ಜೋತುಬಿದ್ದಿದ್ದ ತೋಳು ಈಗ ಭಾರ ಹೊತ್ತು ನೆಟ್ಟಗೆ ಚಾಚಿಕೊಂಡಿತ್ತು. ಅದನ್ನು ಹಾಗೆ ನಾನು ನೋಡಿದ್ದು ಮೊದಲ ಸಲ. ಮುಂದಿನ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿ ಎಳೆದೆ. ಬೇಕಾದಷ್ಟು ಬಿಗಿಯಾಯಿತೆಂದು ಅದು ಟಿಕ್ ಎಂದಿತು. ಒಂದು ಬೂಟು ಸ್ವಲ್ಪ ಸರಿಯಿತು.

ಹಿಂದಿನದು ಮಾತ್ರ ಸತಾಯಿಸಿತು. ನಟ್ಟು ತಿರುಗಿಸಿದರೆ ಬೋಲ್ಟೂ ಜೊತೆಗೇ ತಿರುಗುತ್ತಿತ್ತು. ಅದರ ತಲೆ ಮೇಲುಗಡೆ ಇತ್ತು, ಗುಂಡಿಯಿಂದ ನನ್ನ ಕೈ ನಿಲುಕಲಿಲ್ಲ. ಚಕ್ರದ ಹಿಂದಿನಿಂದ ಕೈ ಹಾಕಿದರೆ ಸಿಗುತ್ತಿತ್ತು, ಅಪ್ಪ ಕೂತಿದ್ದ ಜಾಗದಿಂದ. ಅದರ ತಲೆಗೆ ಕೂರುವ ಹದಿನೇಳನೇ ನಂಬರಿನ ಸ್ಪ್ಯಾನರನ್ನು ಗುಂಡಿಯ ಅಂಚಿನ ಮೇಲೆ, ಬೂಟಿನ ಹತ್ತಿರ ಇಟ್ಟೆ.

"ಅಪ್ಪಾ..." ಎಂದೆ. ದನಿ ನನಗೇ ಕೇಳಿಸಲಿಲ್ಲ.

ಬೀದಿಯಲ್ಲಿ ಯಾವುದೋ ಸೈಕಲ್ಲು ಬೆಲ್ಲು ಹೊಡೆದು ಹೋಯಿತು. ರೆಂಚನ್ನು ನಟ್ಟಿನ ಮೇಲೆ ಕೂರಿಸಿ ಹಿಡಿದುಕೊಂಡು, ಶಾಲೆಯಲ್ಲಿ ಯಾವತ್ತೂ ಎತ್ತದಷ್ಟು ದನಿ ಎತ್ತಿ ಹೇಳಿದೆ:

"ಅಪ್ಪಾ, ಮೇಲಿನಿಂದ ಬೋಲ್ಟಿನ ತಲೆ ಸ್ವಲ್ಪ ಹಿಡ್ಕೋ."

ಬೂಟುಗಳು ಇದ್ದಲ್ಲೇ ಇದ್ದವು. ನನ್ನ ಕೈ ಸೋಲುತ್ತಿತ್ತು.

"ಸ್ವಲ್ಪ ಹಿಡ್ಕೋ ಅಪ್ಪಾ."